ಗೇಮ್‌ಬಾಯ್ ಗೇಮ್‌ನಲ್ಲಿ ಅಡಗಿರುವ, ಬಳಕೆಗೆ ಬಾರದ ಭಾಗಗಳನ್ನು ಹುಡುಕುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ನಿಂಟೆಂಡೋದ ಗೇಮ್‌ಬಾಯ್ ಅನ್ನುವ ಕೈಯಲ್ಲಿ ಹಿಡಿದು ಆಡುವ ಸಾಧನದಲ್ಲಿ ಪೋಕೆಮಾನ್ ರೆಡ್ ಆಡಿದವರಿಗೆಲ್ಲ ಪ್ರೊಫೆಸರ್ ಓಕ್ ಗೊತ್ತು. ಮೊದಲ ಪೋಕೆಮಾನ್ (ಕಾದಾಡಿಸುವ ಪ್ರಾಣಿ) ಕೊಡುವವರು ಅವರೇ, ಕೊನೆಗೆ ನಿಮ್ಮನ್ನು ಹಾಲ್ ಆಫ್ ಫೇಮ್‌ಗೆ ಕರೆದುಕೊಂಡು ಹೋಗುವವರೂ ಅವರೇ. ಆದರೆ ಅವರ ಜೊತೆ ಕಾದಾಡುವ ಸಂದರ್ಭ ಆಟದಲ್ಲಿ ಎಲ್ಲೂ ಬರುವುದಿಲ್ಲ. ಹಾಗಿದ್ದರೂ ಕಾರ್ಟ್ರಿಜ್‌ನ ಒಳಗೆ ಅವರಿಗೆ ಅಂತಲೇ ಮೂರು ತಂಡಗಳಿವೆ. ಮೂರರಲ್ಲೂ 66ನೇ ಲೆವೆಲ್‌ನ ಟಾರೋಸ್, 67ರ ಎಕ್ಸೆಗ್ಯುಟರ್, 68ರ ಆರ್ಕನೈನ್, ಕೊನೆಗೆ 70ರ ಗ್ಯಾರಡೋಸ್. ನಡುವೆ 69ನೇ ಲೆವೆಲ್‌ನದ್ದು ಮಾತ್ರ ಬೇರೆ ಬೇರೆ: ಒಂದರಲ್ಲಿ ವೀನಸಾರ್, ಇನ್ನೊಂದರಲ್ಲಿ ಚಾರಿಜಾರ್ಡ್, ಮತ್ತೊಂದರಲ್ಲಿ ಬ್ಲಾಸ್ಟಾಯ್ಸ್.

ಇಂಥದ್ದನ್ನು ಬೇರೆಯವರ ಪಟ್ಟಿಯಲ್ಲಿ ಓದುವುದು ಒಂದು ಖುಷಿ. ಬೈಟ್‌ಗಳ ರಾಶಿಯಿಂದ ನೀವೇ ಹೆಕ್ಕಿ ತೆಗೆಯುವುದು ಇನ್ನೂ ದೊಡ್ಡ ಖುಷಿ. ಅದನ್ನು ಹಂತ ಹಂತವಾಗಿ ಹೇಳಿಕೊಡುತ್ತೇನೆ. ಉದಾಹರಣೆಗೆ ಇಂಗ್ಲಿಷ್ ಆವೃತ್ತಿಯ ಪೋಕೆಮಾನ್ ರೆಡ್ ಇಟ್ಟುಕೊಂಡಿದ್ದೇನೆ. ಕಾರಣ ಇದೆ. ಪ್ರೆಟ್ ಅನ್ನುವ ತಂಡದವರು ಈ ಗೇಮ್‌ನ ಪೂರ್ತಿ ಕೋಡ್ ಬಿಡಿಸಿ, ಹೆಸರು ಕೊಟ್ಟು, ಪೋಕೆರೆಡ್ ಅನ್ನುವ ಹೆಸರಿನಲ್ಲಿ ಎಲ್ಲರಿಗೂ ಸಿಗುವ ಹಾಗೆ ಇಟ್ಟಿದ್ದಾರೆ. ನೀವು ಕಂಡುಕೊಂಡದ್ದು ಸರಿಯೋ ತಪ್ಪೋ ಅಂತ ಅಲ್ಲಿ ತಾಳೆ ನೋಡಬಹುದು. ಕಲಿಯುವಾಗ ಉತ್ತರ ಗೊತ್ತಿರುವ ಗೇಮ್ ಇರಬೇಕು. ಆಮೇಲೆ ಯಾರೂ ಮುಟ್ಟದ ಗೇಮ್‌ಗೆ ಹೋಗಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ವಿಚಿತ್ರವಾದದ್ದನ್ನು ಹುಡುಕುವುದು ಸುಲಭ. "ಇದನ್ನು ಗೇಮ್ ಬಳಸುವುದೇ ಇಲ್ಲ" ಅಂತ ತೋರಿಸಿಕೊಡುವುದು ಕಷ್ಟ. ಈ ಲೇಖನದ 6ನೇ ಹಂತ ಅದರ ಬಗ್ಗೆಯೇ ಇದೆ. ಸಮಯ ಕಡಿಮೆ ಇದ್ದರೆ ಉಳಿದದ್ದನ್ನು ಓಡಿಸಿಕೊಂಡು ಓದಿ, ಅದನ್ನು ಮಾತ್ರ ನಿಧಾನವಾಗಿ ಓದಿ.

ಇವೆಲ್ಲ ಯಾಕೆ ಉಳಿದುಕೊಳ್ಳುತ್ತವೆ?

ಗೇಮ್ ಮಾಡುವವರು ಒಂದು ಭಾಗ ಬೇಡ ಅಂತ ತೀರ್ಮಾನಿಸಿದಾಗ, ಅದನ್ನು ಪೂರ್ತಿ ಅಳಿಸುವುದಕ್ಕಿಂತ ಅಲ್ಲಿಗೆ ಹೋಗುವ ದಾರಿ ಮುಚ್ಚುವುದು ಸುಲಭ. ಪಟ್ಟಿಯ ನಡುವಿನಿಂದ ಒಂದು ಸಾಲು ಕಿತ್ತರೆ ಅದರ ನಂತರದ ಎಲ್ಲ ನಂಬರ್‌ಗಳೂ ಬದಲಾಗುತ್ತವೆ. ಬಿಡುಗಡೆ ಹತ್ತಿರ ಬಂದಾಗ ಅದು ಅಪಾಯದ ಕೆಲಸ. ಜೊತೆಗೆ ಕಾರ್ಟ್ರಿಜ್ ಚಿಪ್‌ನ ಅಳತೆ 256, 512, 1024 ಕಿಲೋಬೈಟ್ ಅಂತ ದುಪ್ಪಟ್ಟಾಗುತ್ತಾ ಹೋಗುತ್ತದೆ. ಒಂದೆರಡು ಕಿಲೋಬೈಟ್ ಅಳಿಸಿದರೆ ದುಡ್ಡೇನೂ ಉಳಿಯುವುದಿಲ್ಲ. ಹಾಗಾಗಿ ಇದ್ದದ್ದು ಇದ್ದಲ್ಲೇ ಉಳಿಯುತ್ತದೆ.

ಇದರ ಉಲ್ಟಾ ಕಥೆಯೂ ಇದೆ. ಮ್ಯೂ ಅನ್ನುವ ಪೋಕೆಮಾನ್ ಒಳಗೆ ಬಂದದ್ದು ಕಟ್ಟಕಡೆಯಲ್ಲಿ. ಪರೀಕ್ಷೆಗೆ ಅಂತ ಹಾಕಿದ್ದ ಕೋಡ್ ತೆಗೆದ ಮೇಲೆ ಸುಮಾರು 300 ಬೈಟ್ ಜಾಗ ಖಾಲಿಯಾಯಿತು, ಅಲ್ಲಿ ಅದನ್ನು ತುರುಕಿದೆವು ಅಂತ ಪ್ರೋಗ್ರಾಮರ್ ಶಿಗೆಕಿ ಮೊರಿಮೊಟೊ ಅವರೇ ಹೇಳಿದ್ದಾರೆ. ಅದರ ಗುರುತು ಇವತ್ತಿಗೂ ಕಾಣುತ್ತದೆ. ಉಳಿದ 150 ಪೋಕೆಮಾನ್‌ಗಳ ಮೂಲ ಅಂಕಿಅಂಶ ಒಂದೇ ಪಟ್ಟಿಯಲ್ಲಿ ಸಾಲಾಗಿವೆ, ಮ್ಯೂ ಒಂದರದ್ದು ಮಾತ್ರ ಬೇರೆ ಕಡೆ ಇದೆ. ಯಾವುದಾದರೂ ವಸ್ತು ತನ್ನ ಸಾಲು ಬಿಟ್ಟು ದೂರ ಕೂತಿದ್ದರೆ ಅಲ್ಲಿ ಸ್ವಲ್ಪ ನಿಂತು ನೋಡಿ.

ಹಂತ 1: ಫೈಲ್ ಮತ್ತು ಸಲಕರಣೆ

ನಿಮ್ಮದೇ ಕಾರ್ಟ್ರಿಜ್‌ನಿಂದ ರೋಮ್, ಅಂದರೆ ಗೇಮ್‌ನ ಪೂರ್ತಿ ಡೇಟಾ ಇರುವ ಫೈಲ್, ತೆಗೆದುಕೊಳ್ಳಿ. ಜಿಬಿಎಕ್ಸ್‌ಕಾರ್ಟ್ ಆರ್‌ಡಬ್ಲ್ಯೂ ಥರದ ಯುಎಸ್‌ಬಿ ರೀಡರ್‌ಗೆ ಕಾರ್ಟ್ರಿಜ್ ಸಿಕ್ಕಿಸಿ, ಫ್ಲಾಶ್‌ಜಿಬಿಎಕ್ಸ್ ಸಾಫ್ಟ್‌ವೇರ್‌ನಲ್ಲಿ ಬ್ಯಾಕಪ್ ಕೊಟ್ಟರೆ ಆಯಿತು. ಮೊದಲು ಸೇವ್ ಫೈಲ್ ತೆಗೆದಿಡಿ, ಆಮೇಲೆ ರೋಮ್. ಹಳೆ ಕಾರ್ಟ್ರಿಜ್‌ನ ಲೋಹದ ಸಂಪರ್ಕ ಪಟ್ಟಿಗಳ ಮೇಲೆ ಕೊಳೆ ಇದ್ದರೆ ತಪ್ಪು ಬೈಟ್‌ಗಳು ಬರುತ್ತವೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಒಣಗಲು ಬಿಟ್ಟು, ಮತ್ತೆ ತೆಗೆಯಿರಿ. ಎರಡು ಸಲ ತೆಗೆದ ಫೈಲ್‌ಗಳು ಒಂದೇ ಥರ ಇದ್ದರೆ ನೆಮ್ಮದಿ.

ಬೇಕಾದ ಸಾಫ್ಟ್‌ವೇರ್ ಜಾಸ್ತಿ ಏನಿಲ್ಲ:

- ಡೀಬಗರ್ (ಗೇಮ್ ನಿಲ್ಲಿಸಿ ಒಳಗೆ ನೋಡುವ ಸಾಧನ) ಇರುವ ಎಮ್ಯುಲೇಟರ್ (ಕಂಪ್ಯೂಟರ್‌ನಲ್ಲಿ ಗೇಮ್‌ಬಾಯ್ ಆಟ ಆಡಿಸುವ ಸಾಫ್ಟ್‌ವೇರ್). ವಿಂಡೋಸ್‌ನಲ್ಲಿ ಬಿಜಿಬಿ, ಮ್ಯಾಕ್‌ನಲ್ಲಿ ಸೇಮ್‌ಬಾಯ್, ಜಾವಾ ಇರುವ ಎಲ್ಲ ಕಡೆ ಎಮ್ಯುಲಿಷಿಯಸ್. 6ನೇ ಹಂತಕ್ಕೆ ಮೆಸೆನ್ ಕೂಡ ಇರಲಿ.
- ಫೈಲ್‌ನ ಬೈಟ್‌ಗಳನ್ನು ನೋಡಿ ತಿದ್ದುವ ಒಂದು ಹೆಕ್ಸ್ ಎಡಿಟರ್. ಎಚ್‌ಎಕ್ಸ್‌ಡಿ ಅಥವಾ ಇಮ್‌ಹೆಕ್ಸ್ ಸಾಕು.
- ಟೈಲ್ (ಚಿತ್ರದ ಸಣ್ಣ ಚೌಕ) ನೋಡುವ ಸಾಫ್ಟ್‌ವೇರ್. ಟೈಲ್ ಮೊಲೆಸ್ಟರ್ ಅಥವಾ ವೈವೈ-ಸಿಎಚ್‌ಆರ್.
- ಅಕ್ಷರಗಳ ಅಂತರ ನೋಡಿ ಹುಡುಕುವ ಮಂಕಿ-ಮೂರ್.

ಮೂಲ ಫೈಲ್‌ನ ಒಂದು ನಕಲು ಮಾಡಿ, ಮೂಲವನ್ನು ರೀಡ್-ಓನ್ಲಿ ಮಾಡಿ ಪಕ್ಕಕ್ಕಿಡಿ. ಕೆಲಸವೆಲ್ಲ ನಕಲಿನ ಮೇಲೆ.

ಮುಂದೆ ಓದುವ ಮೊದಲು ಒಂದು ಒಪ್ಪಂದ. ಈ ಲೇಖನದಲ್ಲಿ ವಿಳಾಸಗಳು ಹೆಕ್ಸ್‌ನಲ್ಲಿವೆ (ಹತ್ತರ ಬದಲು ಹದಿನಾರರ ಲೆಕ್ಕ), ಬೈಟ್‌ಗಳ ಬೆಲೆ ದಶಮಾಂಶದಲ್ಲಿದೆ. ವಿಳಾಸದಲ್ಲಿ ಅಕ್ಷರ ಬಂದರೆ ಉಚ್ಚಾರದಂತೆ ಬರೆದಿದ್ದೇನೆ. ಎಚ್‌ಎಕ್ಸ್‌ಡಿಯ ಡೇಟಾ ಇನ್‌ಸ್ಪೆಕ್ಟರ್‌ನಲ್ಲಿ ಆರಿಸಿದ ಬೈಟ್‌ನ ದಶಮಾಂಶ ಬೆಲೆ ಕಾಣುತ್ತದೆ.

ಹಂತ 2: ಹೆಡರ್ ಓದಿ, ನಕ್ಷೆ ಮನಸ್ಸಿಗೆ ತಂದುಕೊಳ್ಳಿ

ಗೇಮ್‌ಬಾಯ್ ರೋಮ್‌ನಲ್ಲಿ 0100ರಿಂದ ಹೆಡರ್ ಶುರು. 0134ರಲ್ಲಿ ಗೇಮ್‌ನ ಹೆಸರು ಇರುತ್ತದೆ. 0147ರಲ್ಲಿ ಕಾರ್ಟ್ರಿಜ್ ಬಗೆ, 0148ರಲ್ಲಿ ರೋಮ್‌ನ ಅಳತೆ. ಪೋಕೆಮಾನ್ ರೆಡ್‌ನಲ್ಲಿ 0147ರ ಬೆಲೆ 19. ಅಂದರೆ ರೋಮ್‌ನ ಭಾಗಗಳನ್ನು ಬದಲಿಸಿ ತೋರಿಸುವ ಎಂಬಿಸಿ3 ಚಿಪ್, ಜೊತೆಗೆ ಸೇವ್ ರ್‍ಯಾಮ್ ಮತ್ತು ಬ್ಯಾಟರಿ. 0148ರಲ್ಲಿ 5 ಇದೆ. 32 ಕಿಲೋಬೈಟನ್ನು ಐದು ಸಲ ದುಪ್ಪಟ್ಟು ಮಾಡಿ, 1024 ಕಿಲೋಬೈಟ್ ಆಯಿತು.

ಗೇಮ್‌ಬಾಯ್‌ನ ಪ್ರೊಸೆಸರ್ ಒಂದು ಸಲಕ್ಕೆ ರೋಮ್‌ನ 32 ಕಿಲೋಬೈಟ್ ಮಾತ್ರ ನೋಡಬಲ್ಲದು. ಅದಕ್ಕೇ ರೋಮನ್ನು 16 ಕಿಲೋಬೈಟ್‌ನ ಬ್ಯಾಂಕ್‌ಗಳಾಗಿ ತುಂಡು ಮಾಡಿರುತ್ತಾರೆ. 0000ದಿಂದ 4000ದ ತನಕ ಯಾವಾಗಲೂ ಸೊನ್ನೆಯ ಬ್ಯಾಂಕ್. 4000ದಿಂದ 8000ದ ತನಕ ಆಗಾಗ ಬದಲಾಗುವ ಬ್ಯಾಂಕ್. ರೆಡ್‌ನಲ್ಲಿ ಒಟ್ಟು 64 ಬ್ಯಾಂಕ್‌ಗಳಿವೆ.

ಫೈಲ್‌ನಲ್ಲಿ ಕಂಡ ಜಾಗವನ್ನು ಗೇಮ್ ನೋಡುವ ವಿಳಾಸಕ್ಕೆ ಬದಲಿಸುವ ಲೆಕ್ಕ ಬಾಯಿಪಾಠ ಆಗಬೇಕು. ಫೈಲ್‌ನಲ್ಲಿ 9000 ಅಂತ ಇಟ್ಟುಕೊಳ್ಳಿ. 4000ದಿಂದ ಭಾಗಿಸಿದರೆ 2 ಬಂತು, 1000 ಉಳಿಯಿತು. ಅಂದರೆ ಎರಡನೇ ಬ್ಯಾಂಕ್, ವಿಳಾಸ 4000 ಕೂಡಿಸು 1000, ಅಂದರೆ 5000. ಗೇಮ್‌ನ ಒಳಗೆ ಈ ವಿಳಾಸ ಬರೆದಿರುವಾಗ ಕೊನೆಯ ಭಾಗ ಮೊದಲು ಬರುತ್ತದೆ. 5000 ಅನ್ನುವುದು ಹೆಕ್ಸ್‌ನಲ್ಲಿ 00 50 ಅಂತ ಕಾಣುತ್ತದೆ. ಒಂದು ವಸ್ತುವನ್ನು ಯಾರು ಕರೆಯುತ್ತಿದ್ದಾರೆ ಅಂತ ಹುಡುಕುವಾಗ ಈ ಜೋಡಿಯನ್ನು ಮೊದಲು ಅದೇ ಬ್ಯಾಂಕ್‌ನಲ್ಲಿ ಹುಡುಕಬೇಕು.

ಹಂತ 3: ಅಕ್ಷರಗಳಿಂದ ಶುರು ಮಾಡಿ

ಚಿತ್ರಗಳಿಂದ ಶುರು ಮಾಡಲು ಎಲ್ಲರಿಗೂ ಆಸೆ. ನನ್ನ ಸಲಹೆ ಅಕ್ಷರಗಳಿಂದ ಶುರು ಮಾಡಿ ಅಂತ. ಹೆಸರು ಸಿಕ್ಕಿದರೆ ಪಟ್ಟಿ ಸಿಗುತ್ತದೆ, ಪಟ್ಟಿ ಸಿಕ್ಕಿದರೆ ನಂಬರ್ ಸಿಗುತ್ತದೆ, ನಂಬರ್ ಇದ್ದರೆ ಆ ವಸ್ತುವನ್ನು ಗೇಮ್‌ನಲ್ಲೇ ಎಬ್ಬಿಸಬಹುದು.

ತೊಂದರೆ ಏನೆಂದರೆ ಹಳೆ ಗೇಮ್‌ಗಳು ಕಂಪ್ಯೂಟರ್‌ನ ಮಾಮೂಲಿ ಅಕ್ಷರ ನಂಬರ್‌ಗಳನ್ನು ಬಳಸುವುದಿಲ್ಲ. ಹೆಕ್ಸ್ ಎಡಿಟರ್‌ನಲ್ಲಿ "ಪೋಷನ್" ಅನ್ನುವ ಇಂಗ್ಲಿಷ್ ಪದ ಹುಡುಕಿದರೆ ಏನೂ ಸಿಗುವುದಿಲ್ಲ. ಇಲ್ಲಿ ಅಂತರದ ಹುಡುಕಾಟ ಕೆಲಸಕ್ಕೆ ಬರುತ್ತದೆ. ಗೇಮ್ ತನ್ನದೇ ನಂಬರ್ ಕೊಟ್ಟಿದ್ದರೂ ಅಕ್ಷರಗಳ ಕ್ರಮ ಸಾಮಾನ್ಯವಾಗಿ ವರ್ಣಮಾಲೆಯದ್ದೇ. ಪೋಷನ್ ಪದದ ಆರು ಇಂಗ್ಲಿಷ್ ಅಕ್ಷರಗಳ ನಡುವಿನ ಅಂತರ ನೋಡಿ: ಒಂದು ಹಿಂದೆ, ಐದು ಮುಂದೆ, ಹನ್ನೊಂದು ಹಿಂದೆ, ಆರು ಮುಂದೆ, ಒಂದು ಹಿಂದೆ. ಮಂಕಿ-ಮೂರ್ ಇದೇ ಅಂತರಗಳ ಸಾಲನ್ನು ಇಡೀ ಫೈಲ್‌ನಲ್ಲಿ ಹುಡುಕುತ್ತದೆ. ಮೂರಕ್ಷರದ ಪದ ಕೊಟ್ಟರೆ ಕೆಲಸಕ್ಕೆ ಬಾರದ ಉತ್ತರಗಳು ಸುಮಾರು ಬರುತ್ತವೆ. ಆರಕ್ಷರ ಇದ್ದರೆ ಚೆನ್ನಾಗಿ ಸೋಸುತ್ತದೆ. ಪದ ಪೂರ್ತಿ ದೊಡ್ಡಕ್ಷರದಲ್ಲೇ ಇರಲಿ.

ರೆಡ್‌ನಲ್ಲಿ ಸಿಗುವ ಸಾಲು 143 142 147 136 142 141. ಇದರಿಂದ ಪೂರ್ತಿ ಕೀಲಿ ಸಿಕ್ಕಿತು. ದೊಡ್ಡ ಎ ಅಂದರೆ 128, ಅಲ್ಲಿಂದ ಕ್ರಮವಾಗಿ ಝಡ್ ತನಕ 153. ಸಣ್ಣಕ್ಷರಗಳು 160ರಿಂದ. ಖಾಲಿ ಜಾಗ 127, ಹೆಸರಿನ ಕೊನೆಯ ಗುರುತು 80. ಇದನ್ನು ಒಂದು ಟೇಬಲ್ ಫೈಲ್ ಮಾಡಿ, ಟೇಬಲ್ ಓದಬಲ್ಲ ಹೆಕ್ಸ್ ಎಡಿಟರ್‌ಗೆ ಕೊಡಿ. ಅಲ್ಲಿಯ ತನಕ ಕಸದ ಥರ ಕಾಣುತ್ತಿದ್ದ ಫೈಲ್ ಈಗ ಓದಲು ಬರುತ್ತದೆ.

ಈಗ ಕೂತು ಓದಿ. ಹುಡುಕಬೇಡಿ, ಓದಿ. ಪ್ರತಿ ಹೆಸರಿನ ಪಟ್ಟಿಯನ್ನೂ ಮೊದಲಿಂದ ಕೊನೆಯ ತನಕ ಓದಿ, ಆಟದಲ್ಲಿ ಕಂಡಿಲ್ಲದ ಹೆಸರು ಗುರುತು ಹಾಕಿಕೊಳ್ಳಿ. ರೆಡ್‌ನಲ್ಲಿ ನಿಮಗೆ ಇವು ಸಿಗುತ್ತವೆ:

ಪೋಕೆಮಾನ್‌ಗಳ ಬಗೆಗಳ ಪಟ್ಟಿಯಲ್ಲಿ ಬೆಂಕಿ, ನೀರು, ಹಾರುವವು ಎಲ್ಲ ಇರುತ್ತವೆ. ಜೊತೆಗೆ "ಬರ್ಡ್" ಅಂತ ಇನ್ನೊಂದು ಬಗೆ ಇದೆ, ನಂಬರ್ 6. ಆಟದ 151 ಪೋಕೆಮಾನ್‌ಗಳಲ್ಲಿ ಒಂದಕ್ಕೂ ಈ ಬಗೆ ಇಲ್ಲ.

ಎದುರಾಳಿಗಳ ಹೆಸರಿನ ಪಟ್ಟಿಯಲ್ಲಿ ಪ್ರೊಫೆಸರ್ ಓಕ್ 26ನೆಯವರು. ಅವರ ಪಕ್ಕದಲ್ಲೇ 27ನೇ ಜಾಗದಲ್ಲಿ "ಚೀಫ್" ಅಂತ ಒಬ್ಬರಿದ್ದಾರೆ. ಹೆಸರಿದೆ, ತಂಡ ಇಲ್ಲ.

ವಸ್ತುಗಳ ಪಟ್ಟಿಯಲ್ಲಿ 7ನೇ ಜಾಗದಲ್ಲಿ ಬರೀ ಐದು ಪ್ರಶ್ನೆ ಚಿಹ್ನೆಗಳು. ಇದರ ಕಥೆ ಆಮೇಲೆ ಹೇಳುತ್ತೇನೆ.

ಪೋಕೆಮಾನ್ ಹೆಸರಿನ ಪಟ್ಟಿಯಲ್ಲಿ 190 ಜಾಗಗಳು. ಪೋಕೆಡೆಕ್ಸ್‌ನ (ಆಟದೊಳಗಿನ ಪೋಕೆಮಾನ್ ಕೋಶ) ಕ್ರಮದಲ್ಲಿ ಇಲ್ಲ, ಮೊದಲ ಜಾಗದಲ್ಲಿ ಇರುವುದೇ ರೈಡಾನ್. ನಡುನಡುವೆ 39 ಜಾಗಗಳಲ್ಲಿ "ಮಿಸ್ಸಿಂಗ್‌ನೋ" ಅಂತ ಒಂದೇ ಹೆಸರು. ನಿಜವಾದ ಪೋಕೆಮಾನ್ ಇಲ್ಲದ ಜಾಗಗಳು ಇವು.

ಇನ್ನೊಂದು ನನಗೆ ತುಂಬಾ ಇಷ್ಟ. 141 136 141 147 132 141 ಅಂತ ಒಂದು ಸಾಲು, ಅದನ್ನು ಓದಿದರೆ "ನಿಂಟೆನ್". ಅದರ ಜೊತೆಗೇ 146 142 141 152, ಅದು "ಸೋನಿ". ಗೇಮ್ ಮಾಡುವಾಗ ಆಟಗಾರನಿಗೂ ಅವನ ಪ್ರತಿಸ್ಪರ್ಧಿಗೂ ಪರೀಕ್ಷೆಗೆ ಅಂತ ಇಟ್ಟಿದ್ದ ಹೆಸರುಗಳು ಇವು. 

ಹಂತ 4: ಚಿತ್ರಗಳು

ಗೇಮ್‌ಬಾಯ್ ತೆರೆ 160 ಅಡ್ಡ, 144 ಉದ್ದದ ಚುಕ್ಕೆಗಳದ್ದು, ನಾಲ್ಕು ಛಾಯೆ. ಚಿತ್ರಗಳೆಲ್ಲ 8ಕ್ಕೆ 8 ಚುಕ್ಕೆಯ ಟೈಲ್‌ಗಳಲ್ಲಿರುತ್ತವೆ. ಒಂದು ಟೈಲ್‌ಗೆ 16 ಬೈಟ್, ಒಂದು ಸಾಲಿಗೆ ಎರಡು.

ಎರಡು ಬೈಟ್ ಹೇಗೆ ಎಂಟು ಚುಕ್ಕೆ ಆಗುತ್ತವೆ ಅಂತ ಒಂದು ಸಲ ಕೈಯಲ್ಲಿ ಮಾಡಿ ನೋಡಿ. ಬೈಟ್‌ಗಳು 60 ಮತ್ತು 126 ಅಂತ ಇಟ್ಟುಕೊಳ್ಳಿ. 60ನ್ನು ಬಿಟ್‌ಗಳಾಗಿ ಬರೆದರೆ 00111100. 126 ಅಂದರೆ 01111110. ಒಂದರ ಕೆಳಗೊಂದು ಬರೆಯಿರಿ. ಮೇಲಿನದ್ದಕ್ಕೆ 1 ಅಂಕ, ಕೆಳಗಿನದ್ದಕ್ಕೆ 2 ಅಂಕ ಕೊಟ್ಟು ಕೂಡಿಸಿ. 0 2 3 3 3 3 2 0 ಬಂತು. ನಡುವೆ ಕಪ್ಪು, ಎರಡು ಪಕ್ಕ ಬೂದು, ತುದಿಗಳು ಖಾಲಿ. ಒಂದು ದುಂಡನೆಯ ಆಕಾರದ ಒಂದು ಸಾಲು ಅದು.

ಟೈಲ್ ಮೊಲೆಸ್ಟರ್‌ನಲ್ಲಿ ಫೈಲ್ ತೆರೆದು, ಗೇಮ್‌ಬಾಯ್‌ನ ಎರಡು ಬಿಟ್ ಕ್ರಮ ಆರಿಸಿ, ಮೇಲಿಂದ ಕೆಳಗೆ ಸರಿಸುತ್ತಾ ಹೋಗಿ. ಕೋಡ್ ಇರುವ ಜಾಗ ಮಳೆ ಬಿದ್ದ ಟಿವಿ ತೆರೆಯ ಹಾಗೆ ಕಾಣುತ್ತದೆ, ಚಿತ್ರ ಇರುವ ಜಾಗ ತಟ್ಟನೆ ಕಣ್ಣಿಗೆ ಬೀಳುತ್ತದೆ. ಆಕಾರ ಇದೆ ಆದರೆ ಹರಿದ ಹಾಗಿದೆ ಅನ್ನಿಸಿದರೆ ಒಂದು ಬೈಟ್ ಆಚೀಚೆ ಸರಿಸಿ. ಆಗಲೂ ಸರಿಹೋಗದಿದ್ದರೆ ಒಂದು ಬಿಟ್ ಕ್ರಮಕ್ಕೆ ಬದಲಿಸಿ. ರೆಡ್‌ನ ಅಕ್ಷರಗಳ ಚಿತ್ರಗಳು ಹಾಗೇ ಇವೆ, ಕಪ್ಪು ಬಿಳುಪು ಮಾತ್ರ, ಟೈಲ್‌ಗೆ 8 ಬೈಟ್.

ಒಂದು ಎಚ್ಚರಿಕೆ. ಪೋಕೆಮಾನ್‌ಗಳ ಮತ್ತು ಎದುರಾಳಿಗಳ ದೊಡ್ಡ ಚಿತ್ರಗಳು ಈ ರೀತಿ ಕಾಣುವುದೇ ಇಲ್ಲ. ಜಾಗ ಉಳಿಸಲು ಅವನ್ನು ಕುಗ್ಗಿಸಿ ಇಟ್ಟಿದ್ದಾರೆ. ಅಂಥವನ್ನು ಗೇಮ್‌ನ ಕೈಯಲ್ಲೇ ಬಿಡಿಸಿಕೊಳ್ಳಬೇಕು. ನಂಬರ್ ಬದಲಿಸಿ ಆ ಚಿತ್ರವನ್ನು ತೆರೆಯ ಮೇಲೆ ತರಿಸಿ, ಆಗ ಎಮ್ಯುಲೇಟರ್‌ನ ವಿಡಿಯೋ ಮೆಮೊರಿ ಕಿಟಕಿ ತೆರೆದು ನೋಡಿ. 8000ದಿಂದ 9800ರ ತನಕ 384 ಟೈಲ್‌ಗಳು ಅಲ್ಲಿ ಕಾಣುತ್ತವೆ.

ಈ ಕಿಟಕಿಯನ್ನು ಮಾಮೂಲಿ ಆಡುವಾಗಲೂ ಪಕ್ಕದಲ್ಲಿ ತೆರೆದಿಡಿ. ಒಂದು ಮನೆಯೊಳಗೆ ಹೋದಾಗ ಮೇಜು, ಕುರ್ಚಿ, ಗಿಡದ ಟೈಲ್‌ಗಳು ಒಟ್ಟಿಗೆ ಮೆಮೊರಿಗೆ ಬರುತ್ತವೆ. ಅದರಲ್ಲಿ ಯಾವ ಮನೆಯಲ್ಲೂ ಕಾಣದ ಟೈಲ್ ಇದ್ದರೆ ಬರೆದಿಟ್ಟುಕೊಳ್ಳಿ. ಆದರೆ ಆ ಟೈಲ್ ಗುಂಪು ಬಳಸುವ ಎಲ್ಲ ಮ್ಯಾಪ್‌ಗಳನ್ನೂ ನೋಡಿ ಮುಗಿಸುವ ತನಕ "ಬಳಕೆಯಿಲ್ಲ" ಅಂತ ಬರೆಯಬೇಡಿ.

ಹಂತ 5: ಓಕ್ ತಂಡವನ್ನು ಹುಡುಕಿ, ಎಬ್ಬಿಸಿ

ಈಗ ಅಸಲಿ ಕೆಲಸ. ರೆಡ್‌ನಲ್ಲಿ ಎದುರಾಳಿಯ ತಂಡ ಬರೆಯುವ ರೀತಿ ಸರಳ. ಮೊದಲ ಬೈಟ್ ಮಾಮೂಲಿಯಾಗಿ ಲೆವೆಲ್, ಆಮೇಲೆ ಪೋಕೆಮಾನ್ ನಂಬರ್‌ಗಳು, ಕೊನೆಗೆ ಸೊನ್ನೆ. ಮೊದಲ ಬೈಟ್ 255 ಇದ್ದರೆ ಪ್ರತಿ ಪೋಕೆಮಾನ್‌ಗೂ ಬೇರೆ ಲೆವೆಲ್ ಇದೆ ಅಂತ ಅರ್ಥ. ಆಗ ಲೆವೆಲ್, ನಂಬರ್, ಲೆವೆಲ್, ನಂಬರ್ ಅಂತ ಜೋಡಿಯಾಗಿ ಬರುತ್ತವೆ.

ಇಷ್ಟು ಗೊತ್ತಿದ್ದರೆ ಈ ಸಾಲು ನೀವೇ ಓದಬಹುದು:

255 66 60 67 10 68 20 69 154 70 22 0

255, ಅಂದರೆ ಬೇರೆ ಬೇರೆ ಲೆವೆಲ್. 66ರಲ್ಲಿ 60ನೇ ನಂಬರ್, ಟಾರೋಸ್. 67ರಲ್ಲಿ 10, ಎಕ್ಸೆಗ್ಯುಟರ್. 68ರಲ್ಲಿ 20, ಆರ್ಕನೈನ್. 69ರಲ್ಲಿ 154, ವೀನಸಾರ್. 70ರಲ್ಲಿ 22, ಗ್ಯಾರಡೋಸ್. ಸೊನ್ನೆ, ಮುಗಿಯಿತು. ಇದೇ ಸಾಲು ಇನ್ನೆರಡು ಸಲ ಬರುತ್ತದೆ, 154ರ ಜಾಗದಲ್ಲಿ ಒಂದು ಕಡೆ 28, ಅಂದರೆ ಬ್ಲಾಸ್ಟಾಯ್ಸ್, ಇನ್ನೊಂದು ಕಡೆ 180, ಚಾರಿಜಾರ್ಡ್. ಈ ಮೂರೂ ಆಟದ ಶುರುವಿನಲ್ಲಿ ಕೊಡುವ ಪೋಕೆಮಾನ್‌ಗಳು ಬೆಳೆದ ಮೇಲಿನ ರೂಪಗಳು.

ಇನ್ನು ಎಬ್ಬಿಸುವುದು. ಆಟದ ಒಂದು ಖಾಲಿ ಜಾಗದಲ್ಲಿ ನಿಂತು ಎಮ್ಯುಲೇಟರ್‌ನಲ್ಲಿ ಸೇವ್ ಸ್ಟೇಟ್ (ಆ ಕ್ಷಣದ ನಕಲು) ಮಾಡಿಕೊಳ್ಳಿ. ಡೀಬಗರ್‌ನಲ್ಲಿ ಮೆಮೊರಿಯ ಡಿ05ಡಿ ವಿಳಾಸಕ್ಕೆ ಹೋಗಿ. ಎದುರಾಳಿಯ ಎಷ್ಟನೇ ತಂಡ ಅನ್ನುವುದು ಅಲ್ಲಿರುತ್ತದೆ. 1, 2 ಅಥವಾ 3 ಬರೆಯಿರಿ. ಆಮೇಲೆ ಡಿ059ಕ್ಕೆ ಹೋಗಿ 226 ಬರೆಯಿರಿ. ಗೇಮ್ 200ಕ್ಕಿಂತ ಮೇಲಿನ ನಂಬರ್‌ಗಳನ್ನು ಎದುರಾಳಿ ಅಂತ ತಿಳಿಯುತ್ತದೆ, 200 ಕೂಡಿಸು 26 ಅಂದರೆ ಓಕ್. ಕ್ರಮ ಮುಖ್ಯ. ಡಿ059ರಲ್ಲಿ ಸೊನ್ನೆ ಬಿಟ್ಟು ಬೇರೆ ಏನೇ ಬಂದರೂ ಗೇಮ್ ಕಾಳಗಕ್ಕೆ ಇಳಿದುಬಿಡುತ್ತದೆ, ಅದಕ್ಕೇ ತಂಡದ ನಂಬರ್ ಮೊದಲೇ ಇರಬೇಕು. ಗೇಮ್ ಮುಂದುವರಿಸಿದರೆ ಸಂಗೀತ ಬದಲಾಗಿ, ಓಕ್ ಎದುರಿಗೆ ಬಂದು ನಿಲ್ಲುತ್ತಾರೆ.

ಈ ವಿಳಾಸಗಳು ಇಂಗ್ಲಿಷ್ ರೆಡ್ ಮತ್ತು ಬ್ಲೂ ಎರಡಕ್ಕೂ ಸರಿ. ಜಪಾನಿ ಆವೃತ್ತಿಗೂ ಯೆಲ್ಲೋಗೂ ಇವನ್ನು ಹಾಗೇ ಬಳಸಬೇಡಿ.

ಬೇರೆ ಗೇಮ್‌ನಲ್ಲಿ ಇಂಥ ವಿಳಾಸ ಹುಡುಕುವುದು ಹೇಗೆ? ಎಮ್ಯುಲೇಟರ್‌ನ ಚೀಟ್ ಹುಡುಕಾಟ ಬಳಸಿ. ಕಾಳಗಕ್ಕೆ ಮೊದಲು ಮೆಮೊರಿಯ ಚಿತ್ರ ಹಿಡಿಯಿರಿ, ಶುರುವಾದ ಮೇಲೆ ಮತ್ತೆ ಹಿಡಿಯಿರಿ, ಬದಲಾದ ಬೈಟ್‌ಗಳನ್ನು ಮಾತ್ರ ಉಳಿಸಿಕೊಳ್ಳಿ. ಬೇರೆ ಎದುರಾಳಿಯ ಜೊತೆ ಇದನ್ನೇ ಮಾಡಿ. ಪಟ್ಟಿ ಬೇಗ ಚಿಕ್ಕದಾಗುತ್ತದೆ.

ಸಂಗೀತಕ್ಕೂ ಇದೇ ದಾರಿ. ಹಾಡಿನ ನಂಬರ್ ಇರುವ ಜಾಗ ಹುಡುಕಿ, ಒಂದೊಂದಾಗಿ ನಂಬರ್ ಬದಲಿಸಿ ಕೇಳುತ್ತಾ ಹೋಗಿ. ಪೋಕೆಮಾನ್ ಯೆಲ್ಲೋದಲ್ಲಿ ಆಟದಲ್ಲೆಲ್ಲೂ ಕೇಳಿಸದ ಒಂದು ಹಾಡು ಇದೆ.

ಹಂತ 6: ನಿಜವಾಗಿಯೂ ಬಳಕೆಯಲ್ಲಿ ಇಲ್ಲವಾ?

ಐದು ಪ್ರಶ್ನೆ ಚಿಹ್ನೆಗಳ ಆ 7ನೇ ವಸ್ತುವಿಗೆ ಬರೋಣ. ಆಟದಲ್ಲಿ ಯಾರೂ ಕೊಡುವುದಿಲ್ಲ, ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಹೆಸರೂ ಇಲ್ಲ. ಮೆಮೊರಿ ಬದಲಿಸಿ ಅದನ್ನು ಬ್ಯಾಗ್‌ಗೆ ಹಾಕಿ, ನೀರಿನ ಎದುರು ನಿಂತು ಬಳಸಿದರೆ ನೀವು ನೀರಿನ ಮೇಲೆ ಸವಾರಿ ಹೊರಡುತ್ತೀರಿ. ಅಂದರೆ ಅದು ಸರ್ಫ್‌ಬೋರ್ಡ್. "ಕೈಬಿಟ್ಟ ಸರ್ಫ್‌ಬೋರ್ಡ್ ಸಿಕ್ಕಿತು" ಅಂತ ಬರೆಯಲು ಕೈ ತುರಿಸುತ್ತದೆ, ಅಲ್ವಾ?

ತಡೆಯಿರಿ. ಆ ವಸ್ತುವಿನ ಕೋಡ್ ಶುರುವಾಗುವ ಕಡೆ ಬ್ರೇಕ್‌ಪಾಯಿಂಟ್ (ಅಲ್ಲಿಗೆ ಬಂದ ಕೂಡಲೇ ಗೇಮ್ ನಿಲ್ಲಿಸುವ ಗುರುತು) ಇಡಿ. ಈಗ ಯಾವ ಬದಲಾವಣೆಯೂ ಇಲ್ಲದೆ, ಮಾಮೂಲಿ ಆಟದಲ್ಲಿ, ಪೋಕೆಮಾನ್‌ನ ಸರ್ಫ್ ಶಕ್ತಿ ಬಳಸಿ. ಬ್ರೇಕ್‌ಪಾಯಿಂಟ್‌ನಲ್ಲಿ ಗೇಮ್ ನಿಲ್ಲುತ್ತದೆ. ಸರ್ಫ್ ಮಾಡಿದಾಗಲೆಲ್ಲ ಗೇಮ್ ಒಳಗೊಳಗೇ 7ನೇ ವಸ್ತುವನ್ನು ಬಳಸುತ್ತದೆ! ಬ್ಯಾಗ್‌ನಲ್ಲಿ ಇಟ್ಟುಕೊಳ್ಳುವ ವಸ್ತುವಾಗಿ ಅದು ಆಟಗಾರನಿಗೆ ಸಿಗುವುದಿಲ್ಲ ಅನ್ನುವುದು ನಿಜ. ಅದರ ಕೋಡ್ ಬಳಕೆಯಲ್ಲಿಲ್ಲ ಅನ್ನುವುದು ಸುಳ್ಳು. ಸಫಾರಿ ಝೋನ್‌ನಲ್ಲಿ ಎಸೆಯುವ ಆಹಾರ ಮತ್ತು ಕಲ್ಲು ಕೂಡ ಹೀಗೇ. ಅವು ವಸ್ತುಗಳ ಪಟ್ಟಿಯ 21 ಮತ್ತು 22, ಹೆಸರು ನೋಡಿದರೆ ಮೊದಲ ಎರಡು ಜಿಮ್ ಬ್ಯಾಡ್ಜ್‌ಗಳು.

ಮಿಸ್ಸಿಂಗ್‌ನೋ ಜಾಗಗಳಲ್ಲೂ ಇದೇ ಬಲೆ ಇದೆ. 182, 183, 184ನೇ ಜಾಗಗಳಿಗೆ ಸ್ವಂತ ಚಿತ್ರಗಳಿವೆ: ಎರಡು ಎಲುಬಿನ ಗೂಡುಗಳು, ಒಂದು ದೆವ್ವ. ಇವು ಕೈಬಿಟ್ಟ ಪೋಕೆಮಾನ್‌ಗಳಲ್ಲ. ಎಲುಬಿನ ಗೂಡುಗಳು ಪ್ಯೂಟರ್ ಸಿಟಿಯ ಮ್ಯೂಸಿಯಂನಲ್ಲಿ ಕಾಣುವ ಪಳೆಯುಳಿಕೆಗಳು. ದೆವ್ವ ಪೋಕೆಮಾನ್ ಟವರ್‌ನಲ್ಲಿ ಎದುರಾಗುತ್ತದೆ. ಓಕ್ ಅವರ ದೊಡ್ಡ ಚಿತ್ರವೂ ಬಳಕೆಯಲ್ಲೇ ಇದೆ, ಹೊಸ ಆಟ ಶುರು ಮಾಡಿದಾಗ ಮಾತಾಡುವುದು ಅದೇ ಚಿತ್ರ. ಬಳಕೆಯಿಲ್ಲದ್ದು ಅವರ ತಂಡಗಳು ಮಾತ್ರ.

ಹಾಗಾದರೆ ಪರೀಕ್ಷಿಸುವುದು ಹೇಗೆ? ಎರಡು ಸಾಧನಗಳಿವೆ. ಒಂದು, ಓದುವ ಬ್ರೇಕ್‌ಪಾಯಿಂಟ್. ಅನುಮಾನದ ಬೈಟ್ ಮೇಲೆ ಇಟ್ಟು, ಬ್ಯಾಂಕ್ ನಂಬರ್ ಸರಿಯಾಗಿ ಕೊಟ್ಟು, ಆಟ ಆಡಿ. ಯಾರಾದರೂ ಆ ಬೈಟ್ ಮುಟ್ಟಿದ ಕ್ಷಣ ಗೇಮ್ ನಿಲ್ಲುತ್ತದೆ, ಮುಟ್ಟಿದ ಕೋಡ್ ಎದುರಿಗೇ ಇರುತ್ತದೆ. ಎರಡು, ಮೆಸೆನ್‌ನಲ್ಲಿರುವ ಕೋಡ್-ಡೇಟಾ ಲಾಗರ್. ಇದು ಆಡುತ್ತಾ ಹೋದಂತೆ ಯಾವ ಬೈಟ್ ಕೋಡ್ ಆಗಿ ಓಡಿತು, ಯಾವುದನ್ನು ಡೇಟಾ ಅಂತ ಓದಿತು ಅಂತ ಗುರುತು ಹಾಕುತ್ತದೆ. ಪೂರ್ತಿ ಆಟ ಮುಗಿಸಿದ ಮೇಲೆ ಗುರುತು ಬೀಳದ ಜಾಗಗಳೇ ನಿಮ್ಮ ಹುಡುಕಾಟದ ಮೈದಾನ.

ಆದರೆ ಲಾಗರ್ ಹೇಳಿದ್ದನ್ನು ಕಣ್ಣು ಮುಚ್ಚಿ ನಂಬಬೇಡಿ. ಎರಡೂ ಕಡೆಯಿಂದ ತಪ್ಪು ದಾರಿಗೆ ಎಳೆಯಬಹುದು.

ಗುರುತು ಬಿದ್ದರೂ ಬಳಕೆಯಿಲ್ಲದಿರಬಹುದು. ಚೀಫ್ ಹೆಸರು ನೋಡಿ. ಎದುರಾಳಿಗಳ ಹೆಸರುಗಳು ಒಂದರ ಹಿಂದೊಂದು ಅಂಟಿಕೊಂಡಿವೆ, ಉದ್ದ ಬೇರೆ ಬೇರೆ. 28ನೆಯವನ ಹೆಸರು ಬೇಕಾದಾಗ ಗೇಮ್ ಮೊದಲಿಂದ ಓದುತ್ತಾ, 80 ಅನ್ನುವ ಕೊನೆಯ ಗುರುತುಗಳನ್ನು ಎಣಿಸುತ್ತಾ ಬರುತ್ತದೆ. ಆಗ 27ನೇ ಚೀಫ್‌ನ ಬೈಟ್‌ಗಳನ್ನೂ ದಾಟಿಯೇ ಹೋಗುತ್ತದೆ. ಲಾಗರ್ ಅದನ್ನು ಓದಿದ್ದು ಅಂತ ಬರೆಯುತ್ತದೆ. ನಿಂಟೆನ್ ಮತ್ತು ಸೋನಿ ಹೆಸರುಗಳನ್ನಂತೂ ಗೇಮ್ ನಿಜವಾಗಿಯೂ ಮೆಮೊರಿಗೆ ನಕಲು ಮಾಡುತ್ತದೆ. ನೀವು ಹೊಸ ಆಟದಲ್ಲಿ ಹೆಸರು ಆರಿಸಿದ ಕೂಡಲೇ ಅವು ಅಳಿಸಿಹೋಗುತ್ತವೆ. ಓದುತ್ತದೆ, ಬರೆಯುತ್ತದೆ, ಆಟಗಾರನಿಗೆ ಮಾತ್ರ ಕಾಣುವುದಿಲ್ಲ.

ಗುರುತು ಬೀಳದಿದ್ದರೂ ಬಳಕೆ ಇರಬಹುದು. ಇಬ್ಬರು ಕೇಬಲ್ ಹಾಕಿ ಆಡಿದಾಗ ಮಾತ್ರ ಬರುವ ಸಂದೇಶ, ಬ್ಯಾಗ್ ತುಂಬಿದ್ದಾಗ ಮಾತ್ರ ಬರುವ ಮಾತು, ಸೇವ್ ಫೈಲ್ ಕೆಟ್ಟಾಗ ಬರುವ ತೆರೆ, ಗೇಮ್‌ಬಾಯ್ ಆಟಗಳನ್ನು ಟಿವಿಯಲ್ಲಿ ಆಡಿಸುವ ಸೂಪರ್ ಗೇಮ್‌ಬಾಯ್‌ನಲ್ಲಿ ಮಾತ್ರ ಕಾಣುವ ಬಣ್ಣದ ಚೌಕಟ್ಟು. ಇವೆಲ್ಲ ಒಂಟಿಯಾಗಿ ಒಂದು ಸಲ ಆಡಿದರೆ ಎದುರಾಗುವುದಿಲ್ಲ.

ಅದಕ್ಕೇ ಕೊನೆಗೆ ಕೋಡ್ ಕಡೆಯಿಂದಲೂ ನೋಡಬೇಕು. ಓಕ್ ತಂಡದ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಇದು: 226 ಅನ್ನುವ ಎದುರಾಳಿಯನ್ನು ಯಾವುದಾದರೂ ಮ್ಯಾಪ್ ಅಥವಾ ಸ್ಕ್ರಿಪ್ಟ್ ಕರೆಯುತ್ತದಾ? ಪೋಕೆರೆಡ್‌ನಲ್ಲಿ ಆ ಹೆಸರು ಹುಡುಕಿ, ಕರೆಯುವವರು ಯಾರೂ ಸಿಗುವುದಿಲ್ಲ. ಬಿಡಿಸಿಟ್ಟ ಕೋಡ್ ಇಲ್ಲದ ಗೇಮ್‌ಗೆ ಎಂಜಿಬಿಡಿಸ್ ಅನ್ನುವ ಸಲಕರಣೆಯಿಂದ ಕೋಡ್ ಬಿಡಿಸಿಕೊಂಡು, 2ನೇ ಹಂತದ ಲೆಕ್ಕದ ಪ್ರಕಾರ ಆ ವಿಳಾಸದ ಜೋಡಿ ಎಲ್ಲೆಲ್ಲಿ ಬರುತ್ತದೆ ಅಂತ ನೋಡಿ. ನಿಧಾನದ ಕೆಲಸ, ಆದರೆ ಇದನ್ನು ಬಿಟ್ಟು ಬೇರೆ ದಾರಿಯಿಲ್ಲ.

ಹಂತ 7: ಆವೃತ್ತಿಗಳನ್ನು ಪಕ್ಕಪಕ್ಕ ಇಡಿ

ಒಂದು ದೇಶದಲ್ಲಿ ಬಳಸಿದ್ದು ಇನ್ನೊಂದು ದೇಶದಲ್ಲಿ ಬಳಕೆಯಿಲ್ಲದೆ ಉಳಿಯಬಹುದು. ಇದಕ್ಕೆ ಒಳ್ಳೆ ಉದಾಹರಣೆ ಪೋಕೆಮಾನ್ ಕ್ರಿಸ್ಟಲ್. ಜಪಾನ್‌ನಲ್ಲಿ 2000ದ ಡಿಸೆಂಬರ್‌ನಲ್ಲಿ ಬಂದಾಗ ಗೇಮ್‌ಬಾಯನ್ನು ಮೊಬೈಲ್ ಫೋನ್‌ಗೆ ಜೋಡಿಸುವ ಮೊಬೈಲ್ ಅಡಾಪ್ಟರ್ ಇದ್ದವರಿಗೆ ಜಿಎಸ್ ಬಾಲ್ ಅನ್ನುವ ವಸ್ತು ಸಿಗುತ್ತಿತ್ತು. ಅದನ್ನು ಕರ್ಟ್ ಅನ್ನುವ ಪಾತ್ರದ ಕೈಗೆ ಕೊಟ್ಟು, ಆಮೇಲೆ ಐಲೆಕ್ಸ್ ಕಾಡಿನ ಗುಡಿಗೆ ಒಯ್ದರೆ ಸೆಲೆಬಿ ಅನ್ನುವ ಪೋಕೆಮಾನ್ ಬರುತ್ತಿತ್ತು. 2001ರಲ್ಲಿ ಬಂದ ಇಂಗ್ಲಿಷ್ ಆವೃತ್ತಿಗೆ ಮೊಬೈಲ್ ಸೇವೆ ಇರಲಿಲ್ಲ. ಆದರೆ ಕರ್ಟ್‌ನ ಮಾತು, ಗುಡಿಯ ಘಟನೆ, ಸೆಲೆಬಿ ಎಲ್ಲ ಒಳಗೇ ಉಳಿದವು. ಶುರು ಮಾಡುವ ದಾರಿ ಮಾತ್ರ ಇರಲಿಲ್ಲ. 2018ರಲ್ಲಿ ನಿಂಟೆಂಡೋ 3ಡಿಎಸ್‌ಗೆ ಕ್ರಿಸ್ಟಲ್ ಮತ್ತೆ ಬಂದಾಗ ಹಾಲ್ ಆಫ್ ಫೇಮ್ ತಲುಪಿದವರಿಗೆಲ್ಲ ಆ ದಾರಿ ತೆರೆಯಿತು.

ಹೋಲಿಸುವಾಗ ಎರಡು ಫೈಲ್‌ಗಳನ್ನು ಬೈಟ್‌ಗೆ ಬೈಟ್ ಇಟ್ಟು ನೋಡಿದರೆ ಪ್ರಯೋಜನವಿಲ್ಲ. ಜಪಾನಿ ರೆಡ್ 512 ಕಿಲೋಬೈಟ್, ಇಂಗ್ಲಿಷ್ ರೆಡ್ ಅದರ ದುಪ್ಪಟ್ಟು. ಕೋಡ್ ಎಲ್ಲ ಜಾಗ ಬದಲಿಸಿರುತ್ತದೆ. ಪಟ್ಟಿಗೆ ಪಟ್ಟಿ ಹೋಲಿಸಿ: ವಸ್ತುಗಳ ಪಟ್ಟಿ, ಎದುರಾಳಿಗಳ ಪಟ್ಟಿ, ಮ್ಯಾಪ್‌ಗಳ ಪಟ್ಟಿ. ಒಂದೇ ದೇಶದ ಮೊದಲ ಮುದ್ರಣ ಮತ್ತು ತಿದ್ದಿದ ಮುದ್ರಣ ಇದ್ದರೆ ಮಾತ್ರ ಬೈಟ್ ಹೋಲಿಕೆ ಚೆನ್ನಾಗಿ ಕೆಲಸ ಮಾಡುತ್ತದೆ.

ಪ್ರತಿ ಬ್ಯಾಂಕ್‌ನ ಕೊನೆಯನ್ನೂ ಒಂದು ಸಲ ನೋಡಿಬಿಡಿ. ಅಲ್ಲಿ ಸಾಮಾನ್ಯವಾಗಿ ಬರೀ 0 ಅಥವಾ 255 ತುಂಬಿರುತ್ತದೆ. ಬೇರೆ ಏನಾದರೂ ಇದ್ದರೆ ಅದು ಹಳೆ ಕೋಡ್‌ನ ತುಣುಕು ಇರಬಹುದು.

ಗೇಮ್‌ಬಾಯ್ ಅಡ್ವಾನ್ಸ್ ಮತ್ತು ಡಿಎಸ್

ಅಡ್ವಾನ್ಸ್‌ನಲ್ಲಿ ಬ್ಯಾಂಕ್‌ಗಳ ಗೋಜಿಲ್ಲ. ರೋಮ್ 08000000 ವಿಳಾಸದಿಂದ ಶುರುವಾಗುತ್ತದೆ, ವಿಳಾಸಗಳು ನಾಲ್ಕು ಬೈಟ್. ಕೊನೆಯ ಬೈಟ್ 8 ಅಥವಾ 9 ಇರುವ ನಾಲ್ಕರ ಗುಂಪುಗಳು ಸಾಲಾಗಿ ಕಂಡರೆ ಅದು ವಿಳಾಸಗಳ ಪಟ್ಟಿ. ಹೀಗಾಗಿ ಯಾರು ಯಾರನ್ನು ಕರೆಯುತ್ತಾರೆ ಅಂತ ತಿಳಿಯುವುದು ಗೇಮ್‌ಬಾಯ್‌ಗಿಂತ ಸುಲಭ. ಚಿತ್ರಗಳು ಬಹಳಷ್ಟು ಕುಗ್ಗಿಸಿಯೇ ಇರುತ್ತವೆ. ಮೊದಲ ಬೈಟ್ 16, ಆಮೇಲಿನ ಮೂರು ಬೈಟ್ ಬಿಡಿಸಿದ ಮೇಲಿನ ಅಳತೆ ಅಂತ ಇದ್ದರೆ ಅದು ಮಾಮೂಲಿ ಕುಗ್ಗಿಸುವ ಕ್ರಮ, ಬಿಡಿಸುವ ಸಲಕರಣೆಗಳು ಸುಲಭವಾಗಿ ಸಿಗುತ್ತವೆ. ಎಮ್ಯುಲೇಟರ್ ಎಂಜಿಬಿಎ ಇರಲಿ.

ಡಿಎಸ್‌ನಲ್ಲಿ ರೋಮ್‌ನ ಒಳಗೆ ಫೋಲ್ಡರ್, ಫೈಲ್ ಎಲ್ಲ ಇರುತ್ತವೆ. ಟಿಂಕೆ ಸಾಫ್ಟ್‌ವೇರ್‌ನಲ್ಲಿ ತೆರೆದು ಫೈಲ್‌ಗಳ ಹೆಸರು ಓದಿ. ಪರೀಕ್ಷೆಗೆ, ಹಳೆಯದು, ತಾತ್ಕಾಲಿಕ ಅನ್ನುವ ಅರ್ಥದ ಹೆಸರುಗಳು ಕಂಡರೆ ಅಲ್ಲಿಂದಲೇ ಶುರು ಮಾಡಿ. ಧ್ವನಿಯ ಫೈಲ್‌ನಲ್ಲಿ ಎಷ್ಟೋ ಸಲ ಹಾಡುಗಳ ಹೆಸರುಗಳೂ ಉಳಿದಿರುತ್ತವೆ.

ಬರೆದಿಡುವುದು

ಸಿಕ್ಕಿದ್ದನ್ನು ಆವತ್ತೇ ಬರೆದಿಡಿ. ಗೇಮ್‌ನ ಹೆಸರು, ಯಾವ ದೇಶದ್ದು, ಯಾವ ಮುದ್ರಣ, ಫೈಲ್‌ನ ಎಸ್‌ಎಚ್‌ಎ-1 ಮೊತ್ತ (ಫೈಲ್‌ನ ಬೆರಳಚ್ಚಿನಂಥ ಸಂಖ್ಯೆ), ಫೈಲ್‌ನಲ್ಲಿ ಎಲ್ಲಿದೆ, ಎಬ್ಬಿಸಲು ಯಾವ ವಿಳಾಸದಲ್ಲಿ ಯಾವ ಬೆಲೆ ಬರೆಯಬೇಕು, ಒಂದು ಚಿತ್ರ. ಇಷ್ಟಿದ್ದರೆ ಬೇರೆ ಯಾರು ಬೇಕಾದರೂ ನಿಮ್ಮ ಮಾತನ್ನು ಪರೀಕ್ಷಿಸಬಹುದು. ರೋಮ್ ಫೈಲ್ ಮಾತ್ರ ಯಾರಿಗೂ ಹಂಚಬೇಡಿ.

"ಇದೆ" ಅನ್ನುವುದನ್ನೂ "ಯಾಕಿದೆ" ಅನ್ನುವುದನ್ನೂ ಬೇರೆ ಬೇರೆ ಪ್ಯಾರಾದಲ್ಲಿ ಬರೆಯಿರಿ. ಓಕ್ ಬಳಿ ಮೂರು ತಂಡಗಳಿವೆ, ಮೂರರಲ್ಲೂ ಒಂದೊಂದು ಆರಂಭದ ಪೋಕೆಮಾನ್‌ನ ಕೊನೆಯ ರೂಪ ಇದೆ. ಇದು ಬೈಟ್‌ಗಳು ಹೇಳುವ ಮಾತು. ಆಟಗಾರ ಮತ್ತು ಪ್ರತಿಸ್ಪರ್ಧಿ ತೆಗೆದುಕೊಂಡ ಮೇಲೆ ಮೇಜಿನ ಮೇಲೆ ಉಳಿದ ಮೂರನೆಯದ್ದು ಓಕ್‌ಗೆ ಸೇರಬೇಕಿತ್ತು ಅನ್ನುವುದು ನಮ್ಮ ಊಹೆ. ನನಗೂ ಆ ಊಹೆ ಇಷ್ಟವೇ, ಆದರೂ ಅದರ ಮುಂದೆ "ಬಹುಶಃ" ಅಂತ ಹಾಕಿಯೇ ಬರೆಯುತ್ತೇನೆ.